ಮಂಗಳವಾರದ ಸಾಕ್ಷ್ಯ

೨೦೨೫ನೇ ಇಸವಿ ಫೆಬ್ರವರಿ ೯, ಭಾನುವಾರ ಸಂಜೆ. ಹೊಳೆನರಸೀಪುರ. ಧರ್ಮಕೇಂದ್ರದ ವಾರ್ಷಿಕೋತ್ಸವ. ಪ್ರಾರ್ಥನಾ ಬಳಗದ ಮುಂದಾಳು, ನಿವೃತ್ತ ಬಸ್ ಚಾಲಕ ಚೌರಪ್ಪನವರಿಗೆ ಸನ್ಮಾನ. ಸನ್ಮಾನಿತರ ಪತ್ನಿ, ಗ್ರಂಥಾಲಯದ ನಿವೃತ್ತ ಸಹಾಯಕಿ ಜಸಿಂತಾ ಅವರು ಆಡಿದ ಮಾತು.

ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ಧರ್ಮಗುರುಗಳಾದ ಫಾದರ್ ಇಗ್ನೇಷಿಯಸ್ ಅವರೇ, ನಮ್ಮ ಧರ್ಮದವರಲ್ಲದಿದ್ದರೂ ಪ್ರತಿ ವರ್ಷ ಶಾಮಿಯಾನವನ್ನೂ ಕುರ್ಚಿಗಳನ್ನೂ ಕಳಿಸಿಕೊಡುವ, ಆ ತಪ್ಪಿಗಾಗಿ ಪ್ರತಿ ವರ್ಷ ಮುಖ್ಯ ಅತಿಥಿಗಳಾಗಬೇಕಾಗಿ ಬರುವ ಶ್ರೀ ಮೋಹನ್‌ಕುಮಾರ್ ಅವರೇ, ಕಾರ್ಯದರ್ಶಿಗಳಾದ ಅಂತೋಣಿರಾಜ್ ಅವರೇ, ಶಾಲು ಹೊದ್ದು, ಹಾರ ಹಾಕಿಕೊಂಡು ಬೆವರುತ್ತಿರುವ ನನ್ನ ಯಜಮಾನರೇ, ಮತ್ತು ಸಭಿಕರೇ,

ನನಗೆ ಎರಡು ಮಾತು ಆಡಲು ಹೇಳಿದ್ದಾರೆ. ನಾನು ಮಾತಿನಲ್ಲಿ ಜಿಪುಣಿ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದಲೇ ಧೈರ್ಯವಾಗಿ ಕರೆದಿದ್ದಾರೆ. ನಮ್ಮ ಮನೆಗೆ ಸೇರಬೇಕಾದ ಮಾತನ್ನೆಲ್ಲ ಇವರೊಬ್ಬರೇ ಆಡಿ ಮುಗಿಸುವುದರಿಂದ ನನ್ನ ಪಾಲಿನದು ಹಾಗೆಯೇ ಉಳಿದಿದೆ. ಇಂದು ಅದರಲ್ಲಿ ಸ್ವಲ್ಪವನ್ನು ಖರ್ಚು ಮಾಡುತ್ತೇನೆ.

ಹತ್ತು ನಿಮಿಷದ ಹಿಂದೆ ಫಾದರ್ ಒಂದು ಪ್ರಕಟಣೆ ಮಾಡಿದರು. ನಾಡಿದ್ದು ಮಂಗಳವಾರ ಲೂರ್ದು ಮಾತೆಯ ಹಬ್ಬ, ರೋಗಿಗಳ ದಿನ. ಅಂದು ಚನ್ನರಾಯಪಟ್ಟಣದಲ್ಲಿ ಸ್ವಸ್ಥತಾ ಪ್ರಾರ್ಥನಾ ಕೂಟ. ಅಲ್ಲಿ ಚೌರಪ್ಪನವರು ಸಾಕ್ಷ್ಯ ಹೇಳುತ್ತಾರೆ, ಅವರ ಪಕ್ಕದಲ್ಲಿ ಜಸಿಂತಮ್ಮನವರು ನಿಂತು ಅದು ನಿಜವೆಂದು ನುಡಿಯುತ್ತಾರೆ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ವೇದಿಕೆಯ ಮೇಲೆ ಕೂತವರು ತಟ್ಟದಿದ್ದರೆ ಚೆನ್ನಾಗಿರುವುದಿಲ್ಲ. ಆದರೆ ಸಭಿಕರೇ, ಈ ವಿಷಯವನ್ನು ನೀವು ಯಾವಾಗ ಕೇಳಿದಿರೋ ನಾನೂ ಆಗಲೇ ಕೇಳಿದ್ದು. ಕರಪತ್ರವೂ ಅಚ್ಚಾಗಿದೆಯಂತೆ. ಮಂಗಳವಾರ ನನಗೆ ಹಾಸನದಲ್ಲಿ ಬೇರೆ ಕೆಲಸವಿದೆ. ಅದು ಇವರಿಗೆ ಗೊತ್ತು. ಗೊತ್ತಿದ್ದೂ ಒಪ್ಪಿಕೊಂಡಿದ್ದಾರೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಸನ್ಮಾನದ ಮಾತು.

ಫಲಕದಲ್ಲಿ 'ಉತ್ಕಟ ಆರಾಧನೆಯ ಜೀವಂತ ಮಾದರಿ' ಎಂದು ಬರೆಸಿದ್ದೀರಿ. ಅಕ್ಷರ ಚೆನ್ನಾಗಿದೆ. ಮಾತು ಸುಳ್ಳಲ್ಲ. ಆದರೆ ಉತ್ಕಟ ಆರಾಧಕರೊಬ್ಬರ ಜೊತೆ ಒಂದೇ ಮನೆಯಲ್ಲಿ ಇರುವುದೆಂದರೇನು ಎಂದು ಬರೆಸಿದವರಿಗೆ ಗೊತ್ತೇ? ಬೆಳಿಗ್ಗೆ ಹಾಲಿನವನು ಬಾಗಿಲಲ್ಲಿ ನಿಂತಿರುವಾಗ ಒಳಗಿನಿಂದ ಸ್ತುತಿಗೀತೆ ಕೇಳಿಬಂದರೆ, ಗೀತೆ ಮುಗಿಯುವವರೆಗೆ ಹಾಲಿನವನು ಕಾಯಬೇಕು. ಅನ್ನಕ್ಕೆ ಇಟ್ಟ ಕುಕ್ಕರ್ ಕೂಗಿದರೆ ಇವರು 'ಹಲ್ಲೆಲೂಯಾ' ಎನ್ನುತ್ತಾರೆಯೇ ಹೊರತು ಒಲೆ ಆರಿಸುವುದಿಲ್ಲ. ಒಂದು ದಿನ ನಮ್ಮ ಮಿಕ್ಸಿ ಓಡದೆ ಹೋಯಿತು. ಇವರು ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಮಿಕ್ಸಿ ಓಡಿತು. ತಲೆಯೆತ್ತಿ ನೋಡಿದರೆ ಫ್ಯಾನೂ ಓಡುತ್ತಿತ್ತು, ಬೀದಿಯಲ್ಲೆಲ್ಲ ಕರೆಂಟು ಬಂದಿತ್ತು. ಆದರೂ ಇವರು ಇವತ್ತಿಗೂ ಆ ಮಿಕ್ಸಿಯನ್ನು ಬದಲಿಸಲು ಬಿಟ್ಟಿಲ್ಲ.

ಮೂರನೆಯ ಸಾಲಿನಲ್ಲಿ ಹುಲಿಯಪ್ಪನವರು ಕೂತಿದ್ದಾರೆ. ನನ್ನ ಯಜಮಾನರು ಹಾಸನ, ಹೊಳೆನರಸೀಪುರ, ಅರಕಲಗೂಡು ಮಾರ್ಗದಲ್ಲಿ ಬಸ್ ಓಡಿಸುತ್ತಿದ್ದಾಗ ಹುಲಿಯಪ್ಪನವರು ಕಂಡಕ್ಟರ್. ಇವರು ಸ್ಟೇರಿಂಗ್ ಮುಂದೆ ಜಪಸರ ಕಟ್ಟಿಕೊಂಡು, ಒಂದು ಕೈಯಲ್ಲಿ ಮಣಿ ಎಣಿಸಿಕೊಂಡು ಗಾಡಿ ಓಡಿಸುತ್ತಿದ್ದ ಕಾಲ. ಹುಲಿಯಪ್ಪನವರು ಒಂದು ದಿನ ಪಕ್ಕಕ್ಕೆ ಬಂದು, "ಅಣ್ಣ, ನಿಮ್ಮ ಸ್ವಾಮಿ ಕಾಪಾಡ್ತಾನೆ, ನಾನ್ ಇಲ್ಲ ಅನ್ನಕಿಲ್ಲ. ಆದ್ರೂ ಎಲ್ಡೂ ಕೈ ಸ್ಟೇರಿಂಗ್ ಮ್ಯಾಲಿದ್ರೆ ಅವ್ನ್ಗೂ ಒಸಿ ಕೆಲ್ಸ ಕಮ್ಮಿ ಆಯ್ತದೆ" ಎಂದರಂತೆ. ಅದನ್ನು ಇವರು ಮನೆಗೆ ಬಂದು ನಗುತ್ತಾ ಹೇಳಿದರು. ನಾನು ನಗಲಿಲ್ಲ. ನನಗೆ ಹುಲಿಯಪ್ಪನವರ ದೈವಜ್ಞಾನ ಸರಿಯೆನ್ನಿಸಿತು. ಇವತ್ತಿಗೂ ಸರಿಯೆನ್ನಿಸುತ್ತದೆ.

ನಾನು ಆರಾಧನೆಯನ್ನು ಗೇಲಿ ಮಾಡುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ನನಗೂ ನಂಬಿಕೆ ಇದೆ. ಕೈಯೆತ್ತುವ ನಂಬಿಕೆಯಲ್ಲ, ಅಷ್ಟೆ. ಪ್ರತಿ ಶನಿವಾರ ನಮ್ಮ ದೇವಾಲಯದ ಬಲಿಪೀಠದ ವಸ್ತ್ರಗಳನ್ನು ಒಗೆದು ಇಸ್ತ್ರಿ ಹಾಕುವವಳು ನಾನು. ಮೋಹನ್‌ಕುಮಾರ್ ಅವರಿಗಾಗಿ ಹೇಳುತ್ತೇನೆ. ಪರಮಪ್ರಸಾದದ ಪಾತ್ರೆಯನ್ನು ಒರೆಸಿದ ಆ ವಸ್ತ್ರವನ್ನು ಅದ್ದಿದ ಮೊದಲ ನೀರನ್ನು ಬಚ್ಚಲಿಗೆ ಚೆಲ್ಲುವ ಹಾಗಿಲ್ಲ. ಯಾರೂ ತುಳಿಯದ ಕಡೆ ಮಣ್ಣಿಗೆ ಸುರಿಯಬೇಕು. ನಾನು ಅದನ್ನು ಒಂದು ಬೋಗುಣಿಯಲ್ಲಿ ತೆಗೆದಿಟ್ಟು, ಹಿತ್ತಿಲ ಕರಿಬೇವಿನ ಬುಡಕ್ಕೆ ಹಾಕುತ್ತೇನೆ. ಒಂದು ಶನಿವಾರ ಬಂದು ನೋಡಿದರೆ ಬೋಗುಣಿ ಖಾಲಿ. ಉತ್ಕಟ ಆರಾಧಕರು ಸ್ತುತಿಗೀತೆ ಹಾಡಿಕೊಂಡು ಆ ನೀರಿನಲ್ಲಿ ಬೈಕ್ ತೊಳೆಯುತ್ತಿದ್ದಾರೆ.

"ಅದು ಯಾವ ನೀರು ಗೊತ್ತೇನ್ರಿ?" ಎಂದೆ.

"ಯಾವ್ದು?"

"ಬಲಿಪೀಠದ ಬಟ್ಟೆ ಅದ್ದಿದ್ದು."

ಇವರು ಒಂದು ಕ್ಷಣ ಗಾಬರಿಯಾದರು. ಆಮೇಲೆ ಬೈಕನ್ನು ನೋಡಿದರು. "ಓಗ್ಲಿ ಬುಡು ಜಸೀ, ಗಾಡಿಗೂ ಆಶೀರ್ವಾದ ಆಯ್ತು" ಎಂದರು.

ಇಂಥವರಿಗೆ ಏನು ಹೇಳುವುದು? ನೀವೇ ಹೇಳಿ, ಏನು ಹೇಳುವುದು?

ಇವರ ತಾತನ ಕಾಲದ ಗುಡಿ ಶೆಟ್ಟಿಹಳ್ಳಿಯದು, ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಏಳುವ ಆ ಪಾಳು ಚರ್ಚು. ಇವರು ಆಗಾಗ ಅಲ್ಲಿಗೆ ಹೋಗಿ ಜಪಸರ ಮಾಡುತ್ತಾರೆ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ನೀರು ಇಳಿಯುತ್ತಿದ್ದ ಕಾಲ, ಒಳಗೆಲ್ಲ ಕೆಸರು. ಮದುವೆಗೆ ಮೊದಲಿನ ಫೋಟೋ ತೆಗೆಸಲು ಬಂದ ಒಂದು ಜೋಡಿ, ಛತ್ರಿ ಹಿಡಿದವರು, ಹೊಗೆ ಬಿಡುವವರು. ಇವರು ನೇರವಾಗಿ ಹೋಗಿ, ಬಲಿಪೀಠ ಇದ್ದ ಜಾಗದಲ್ಲಿ ಪ್ಯಾಂಟು ಮಡಚದೆ ಮೊಣಕಾಲೂರಿದರು. ಕ್ಯಾಮೆರಾದವನು, "ಅಂಕಲ್, ಒಂದೈದ್ ನಿಮ್ಷ ಸೈಡಿಗ್ ಬರ್ತೀರಾ, ಫ್ರೇಮಲ್ಲಿ ಬತ್ತಿದ್ದೀರಿ" ಎಂದ. ಇವರು ಕಣ್ಣು ಮುಚ್ಚಿಕೊಂಡೇ, "ನೀನೂ ಅವನ ಫ್ರೇಮಲ್ಲೇ ಇದ್ದೀಯ ಕಣಪ್ಪ" ಎಂದರು. ಆ ಹುಡುಗ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. ಅಲ್ಲಿ ಚಾವಣಿ ಇಲ್ಲದ್ದರಿಂದ ಅದು ಸುಲಭ. ಕೊನೆಗೆ ಆ ಜೋಡಿ ಇವರ ಎರಡೂ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿತು. ಇವರು ಅವರ ತಲೆಯ ಮೇಲೆ ಕೈಯಿಟ್ಟು ಹರಸಿದರು.

ಹಿಂದಿರುಗುವಾಗ ಬೈಕಿನಲ್ಲಿ ನಾನು ಸಿಡುಕುತ್ತಲೇ ಬಂದೆ. ಆದರೆ ಒಂದು ಮಾತನ್ನು ಆ ದಿನ ಹೇಳಲಿಲ್ಲ, ಈಗ ಹೇಳುತ್ತೇನೆ. ಕೆಸರಿನಲ್ಲಿ ಮೊಣಕಾಲೂರಿ, ಹೊಗೆಯ ನಡುವೆ ಕೈಯೆತ್ತಿ ಕೂತಿದ್ದ ಆ ಮನುಷ್ಯನ ಮುಖದಲ್ಲಿ ನಾಟಕ ಇರಲಿಲ್ಲ. ನಾಟಕವಾಗಿದ್ದರೆ ನನ್ನ ಕೆಲಸ ಸಲೀಸಾಗುತ್ತಿತ್ತು.

ನಮಗೆ ಮಕ್ಕಳಿಲ್ಲ. ಕೊಡಬೇಕಾಗಿದ್ದ ಅಕ್ಕರೆಯನ್ನು ಇವರು ದೇವರಿಗೆ ಕೊಟ್ಟರು. ನಾನು ಬೇರೆ ಭಾಷೆಗಳಿಂದ ಕನ್ನಡಕ್ಕೆ ಬಂದ ಕಾದಂಬರಿಗಳಿಗೆ ಕೊಟ್ಟೆ. ಮಗುವಿಗಾಗಿ ಇವರು ಮಾಡಿದ ಪ್ರಾರ್ಥನೆ ಈಗ ಮಾಡುವ ಎಲ್ಲಕ್ಕಿಂತ ಉತ್ಕಟವಾಗಿತ್ತು. ಅದರ ಬಗ್ಗೆ ಇವರು ಯಾವ ಕೂಟದಲ್ಲೂ ಸಾಕ್ಷ್ಯ ಹೇಳಿಲ್ಲ. ಇದನ್ನೇಕೆ ಹೇಳಿದೆನೋ ತಿಳಿಯದು. ಮುಂದಕ್ಕೆ ಹೋಗುತ್ತೇನೆ.

ಸಾಕ್ಷ್ಯ ಎಂದರೆ ಕೋರ್ಟಿನದಲ್ಲ, ಮೋಹನ್‌ಕುಮಾರ್ ಅವರೇ. ನಮ್ಮ ಪ್ರಾರ್ಥನಾ ಕೂಟಗಳಲ್ಲಿ, ದೇವರು ತನ್ನ ಬದುಕಿನಲ್ಲಿ ಏನು ಮಾಡಿದರು ಎಂದು ಒಬ್ಬೊಬ್ಬರು ಎದ್ದು ನಿಂತು ಹೇಳುವ ಪದ್ಧತಿ ಇದೆ. ಒಳ್ಳೆಯ ಪದ್ಧತಿ. ಕೇಳುವವರಿಗೆ ಧೈರ್ಯ ಬರುತ್ತದೆ. ಇವರ ಸಾಕ್ಷ್ಯ ಈ ಮೂರು ನಾಲ್ಕು ತಾಲೂಕಿನಲ್ಲಿ ಹೆಸರುವಾಸಿ. ಅದು ನನ್ನ ಕುತ್ತಿಗೆಯ ವಿಷಯ.

ನಡೆದದ್ದು ಇಷ್ಟು. ಕೆಲವು ವರ್ಷಗಳ ಕೆಳಗೆ ನನ್ನ ಕುತ್ತಿಗೆಯ ಎಡಗಡೆ ಒಂದು ಗಂಟು ಕಾಣಿಸಿಕೊಂಡಿತು. ನೆಲ್ಲಿಕಾಯಿಯಷ್ಟಿತ್ತು. ಹಾಸನದಲ್ಲಿ ಡಾಕ್ಟರ್ ಆಶಾರಾಣಿ ಎಂಬುವವರು ನೋಡಿ, ನೀರು ತುಂಬಿಕೊಂಡಿದೆ ಎಂದು ಹೇಳಿ, ಸೂಜಿ ಹಾಕಿ ನೀರು ತೆಗೆದರು. ಗಂಟು ಇಳಿಯಿತು. ಆ ದಿನ ಇವರು ಚನ್ನರಾಯಪಟ್ಟಣದ ಧ್ಯಾನಕೂಟದಲ್ಲಿ ನನಗಾಗಿ ಉಪವಾಸ ಮಾಡಿ ಪ್ರಾರ್ಥಿಸುತ್ತಿದ್ದರು. ಕೂಟ ಮುಗಿದ ಮೇಲೆ ಎಣ್ಣೆ ಸೀಸೆ ಹಿಡಿದು ಬಂದರು, ನನ್ನ ಕುತ್ತಿಗೆಗೆ ಹಚ್ಚಿದರು, ಕಣ್ಣೀರು ಹಾಕಿ ಪ್ರಾರ್ಥಿಸಿದರು. ಅಷ್ಟರಲ್ಲಿ ಗಂಟು ಇರಲಿಲ್ಲ.

ಮೊದಲ ಸಲ ಹಾಸನದಲ್ಲಿ ಸಾಕ್ಷ್ಯ ಹೇಳಿದಾಗ, ವೈದ್ಯರ ಕೈಯನ್ನು ದೇವರು ನಡೆಸಿದರು ಎಂದರು. ನಾನು ಕೂತಲ್ಲಿಂದಲೇ ಆಮೆನ್ ಎಂದೆ. ಮನಸಾರೆ ಎಂದೆ. ಅರಕಲಗೂಡಿನಲ್ಲಿ ಹೇಳುವಾಗ ವೈದ್ಯರು ಕೈಚೆಲ್ಲಿದ್ದರು, ನೆಲ್ಲಿಕಾಯಿ ನಿಂಬೆಹಣ್ಣಾಗಿತ್ತು. ನಮ್ಮ ಊರಿನಲ್ಲಿ ಹೇಳುವಾಗ ಸೂಜಿ ಕಾಣೆಯಾಯಿತು. ಚನ್ನರಾಯಪಟ್ಟಣ ತಲುಪುವ ಹೊತ್ತಿಗೆ ಆಸ್ಪತ್ರೆಯೇ ಇರಲಿಲ್ಲ, ಗಂಟು ಮೂಸಂಬಿಯಾಗಿತ್ತು, ನಾನೂ ಇರಲಿಲ್ಲ. 'ಸಾವಿನ ಬಾಗಿಲಲ್ಲಿದ್ದ ಒಬ್ಬ ಸಹೋದರಿ' ಎಂದು ಯಾರೋ ಇದ್ದಳು. ನಾನು ಮುಂದಿನ ಸಾಲಿನಲ್ಲಿ ಕೂತು ಆ ಸಹೋದರಿಗಾಗಿ ಮರುಗಿದೆ. ಅವಳ ಗಂಡ ಅವಳ ಪಕ್ಕದಲ್ಲೇ ಕೂತು ಹಗಲೂ ರಾತ್ರಿ ಪ್ರಾರ್ಥಿಸಿದನಂತೆ. ಪುಣ್ಯವಂತೆ.

ಮನೆಗೆ ಬಂದು ಕೇಳಿದೆ. "ಸೂಜಿ ಯಾಕ್ರೀ ಬಿಟ್ರಿ?"

"ಜನ ಸೂಜಿ ಕೇಳಾಕ್ ಬತ್ತಾರಾ ಜಸೀ? ದೇವ್ರ ಇಸ್ಯ ಕೇಳಾಕ್ ಬತ್ತಾರೆ."

"ಸೂಜಿ ಹಾಕ್ದೋಳ್ನ ಕಳಿಸಿದ್ದು ಯಾರು ಮತ್ತೆ?"

"ನಿಂದು ಯಾವಾಗ್ಲೂ ತಿದ್ದೋ ಬುದ್ಧಿ. ಲೈಬ್ರರಿ ಬುದ್ಧಿ. ಅಂಗೆ ಕೂತ್ಕೊಂಡ್ ತಿದ್ತಾ ಇದ್ರೆ ಪವಿತ್ರಾತ್ಮ ಇಳಿಯಾಕಿಲ್ಲ ಕಣೇ."

ಲೈಬ್ರರಿ ಬುದ್ಧಿ ನಿಜ. ಅನುವಾದ ಓದಿ ಓದಿ ನನಗೆ ಒಂದು ಅಭ್ಯಾಸ ಬಂದಿದೆ. ಇಲ್ಲಿ ಅನುವಾದಕ ಜಾಣತನ ತೋರಿಸಿದ್ದಾನೆ, ಇದು ಮೂಲದಲ್ಲಿ ಇದ್ದಿರಲಾರದು ಎಂದು ಓದುವಾಗಲೇ ಗೊತ್ತಾಗುತ್ತದೆ. ಮೂಲದಲ್ಲಿ ಸೂಜಿ ಇದ್ದರೆ ಅನುವಾದದಲ್ಲಿಯೂ ಸೂಜಿ ಇರಬೇಕು. ದೇವರು ಮಾಡಿದ್ದನ್ನು ದೇವರು ಮಾಡಿದಷ್ಟೇ ಹೇಳಿದರೆ ಸಾಲದೇ? ಆತನಿಗೆ ನಮ್ಮ ಒತ್ತಾಸೆ ಬೇಕೇ? ನೆಲ್ಲಿಕಾಯಿಯನ್ನು ಗುಣಪಡಿಸಿದ ದೇವರು ಮೂಸಂಬಿಯನ್ನು ಗುಣಪಡಿಸಿದ ದೇವರಿಗಿಂತ ಚಿಕ್ಕವನೇ?

ನಗಬೇಡಿ. ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಇಷ್ಟು ವರ್ಷ ಹಾಗೆಯೇ ಇದ್ದೆ. ಕೂಟ ಮುಗಿದ ಮೇಲೆ ಹೆಂಗಸರು ಬಂದು, "ಎಲ್ಲಿತ್ತಕ್ಕ, ಒಸಿ ತೋರ್ಸಿ" ಎಂದು ನನ್ನ ಸೆರಗು ಸರಿಸಿ ಕುತ್ತಿಗೆ ಮುಟ್ಟಿದಾಗಲೂ ಸುಮ್ಮನಿದ್ದೆ. ಹೋದ ವರ್ಷ ಅರಕಲಗೂಡಿನಿಂದ ಇನ್ನಾಸಮ್ಮ ನಮ್ಮ ಮನೆಗೆ ಬಂದಳು. ಅವಳ ಕುತ್ತಿಗೆಯಲ್ಲಿಯೂ ಒಂದು ಗಂಟು. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನಿಲ್ಲಿಸಿಬಿಟ್ಟಿದ್ದಳು. ಯಾಕೆ ಎಂದರೆ, "ನಿಮ್ಗೇ ಬರೀ ಪ್ರಾರ್ಥ್ನೇಲಿ ವಾಸಿ ಆಗಿಲ್ವಾ ಅಕ್ಕ? ನಂಗೂ ಆಯ್ತದೆ ಬುಡಿ" ಎಂದಳು. ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ ಸೂಜಿಯ ವಿಷಯ ಹೇಳಿದೆ. ಅವಳ ಮುಖ ಸಣ್ಣಗಾಯಿತು. "ಅಣ್ಣಾರು ಸೂಜಿ ಇಸ್ಯ ಯೋಳ್ಲೇ ಇಲ್ವಲ್ಲ" ಎಂದಳು. ನಾನೇ ಅವಳನ್ನು ಬಸ್ಸಿಗೆ ಹತ್ತಿಸಿಕೊಂಡು ಡಾಕ್ಟರ ಹತ್ತಿರ ಹೋದೆ. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಆರಾಮಾಗಿದ್ದಾಳೆ, ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಅವಳ ಕೈಯಿಂದ ಒಂದು ಪವಾಡವನ್ನು ಕಿತ್ತುಕೊಂಡವಳು ನಾನು ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದಾಳಂತೆ.

ಇದನ್ನು ಇವರಿಗೆ ಹೇಳಿದೆ. ಇವರು ಇನ್ನಾಸಮ್ಮನಿಗಾಗಿ ಒಂದು ದಿನ ಉಪವಾಸ ಮಾಡಿದರು. ಸಾಕ್ಷ್ಯ ಬದಲಾಗಲಿಲ್ಲ.

ಸೂಜಿ ಹಾಕಿದ ದಿನದ ಬಗ್ಗೆ ಇನ್ನೊಂದು ಮಾತಿದೆ. ಆ ದಿನ ನನ್ನ ಜೊತೆ ಬಂದವಳು ನಮ್ಮ ಪಕ್ಕದ ಮನೆಯ ನೇತ್ರಾವತಿ. ನಮ್ಮ ಗುಡಿಗೆ ಅವಳು ಬಂದದ್ದು ಕ್ರಿಸ್ಮಸ್ಸಿನಲ್ಲಿ ಬಾಲಯೇಸುವಿನ ಗೋದಲಿಯ ಬೊಂಬೆಗಳನ್ನು ನೋಡಲು ಮಾತ್ರ. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಕೈ ಹಿಡಿದು ಕೂತಿದ್ದಳು. "ಅಕ್ಕಯ್ಯ, ನೀವು ನಿಮ್ಮ ಮಂತ್ರ ಯೋಳ್ಕಳಿ, ನಾನು ನಂಜುಂಡೇಶ್ವರನ್ನ ನೆನ್ಕತ್ತೀನಿ. ಇಬ್ರಲ್ಲಿ ಯಾರು ಫ್ರೀಯಾಗವ್ರೋ ಅವ್ರು ಬರ್ಲಿ" ಎಂದಳು.

ನಾನು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಪರಲೋಕ ಮಂತ್ರ ಶುರುಮಾಡಿದೆ. ಅರ್ಧಕ್ಕೇ ಮರೆತುಹೋಯಿತು. ಹುಟ್ಟಿದಾರಭ್ಯ ಹೇಳಿದ ಮಂತ್ರ. ಆ ಬೆಂಚಿನ ಎದುರಿಗೆ ಮೆಟ್ಟಿಲುಗಳಿದ್ದವು. ಕೆಳಗಿನಿಂದ ಯಾರು ಹತ್ತಿ ಬಂದರೂ ಮೊದಲು ತಲೆ ಕಾಣುತ್ತಿತ್ತು, ಆಮೇಲೆ ಭುಜ. ನಾನು ಅದನ್ನೇ ನೋಡುತ್ತಿದ್ದೆ. ದೇವರಲ್ಲಿ ಗಂಟಿನ ಬಗ್ಗೆ ಏನೂ ಕೇಳಲಿಲ್ಲ. ಒಳಗೆ ಕರೆಯುವ ಮೊದಲು ಈ ಮನುಷ್ಯ ಆ ಮೆಟ್ಟಿಲು ಹತ್ತಿ ಬರಲಿ ಎಂದು ಕೇಳಿದೆ. ಕೈಯೆತ್ತಲಿಲ್ಲ, ತುಟಿ ಅಲ್ಲಾಡಿಸಲಿಲ್ಲ. ಆದರೆ ಫಲಕದಲ್ಲಿ ಬರೆಸಿದ್ದೀರಲ್ಲ ಉತ್ಕಟ ಎಂಬ ಪದ, ಅದಕ್ಕೆ ನನ್ನ ಬದುಕಿನಲ್ಲಿ ಸರಿಯಾಗಿ ಹೊಂದುವ ಗಳಿಗೆ ಅದೊಂದೇ.

ಯಾರ ಯಾರ ತಲೆಗಳೋ ಕಂಡವು. ಕೊನೆಗೆ ನರ್ಸ್ ಬಂದು ನನ್ನ ಹೆಸರು ಕೂಗಿದಳು.

ಕೇಳದೆ ಇದ್ದದ್ದು ಸಿಕ್ಕಿತು. ಕೇಳಿದ್ದು ಸಿಗಲಿಲ್ಲ. ಫಾದರ್, ಇದು ಯಾವ ಬಗೆಯ ಸಾಕ್ಷ್ಯ? ಇದನ್ನು ಯಾವ ಕೂಟದಲ್ಲಿ ಹೇಳಬಹುದು? ಕೇಳಿದರೆ ಯಾರು ಆಮೆನ್ ಎನ್ನುತ್ತಾರೆ?

ಕ್ಷಮಿಸಿ. ಇಷ್ಟನ್ನು ಹೇಳಬೇಕೆಂದು ನಾನು ವೇದಿಕೆ ಹತ್ತಿದ್ದಲ್ಲ. ಹತ್ತುವಾಗ ನನ್ನ ಹತ್ತಿರ ಮಿಕ್ಸಿಯ ತಮಾಷೆ ಇತ್ತು, ಬೈಕಿನ ತಮಾಷೆ ಇತ್ತು. ಹೇಳಿ, ಕೈಮುಗಿದು, ಕೂತುಬಿಡಬಹುದು ಎಂದುಕೊಂಡಿದ್ದೆ. ಆ ಪ್ರಕಟಣೆ ಆಗದಿದ್ದರೆ ಹಾಗೆಯೇ ಆಗುತ್ತಿತ್ತು. ಈಗ ಶುರುಮಾಡಿದ್ದನ್ನು ಅರ್ಧಕ್ಕೆ ಬಿಡಲಾರೆ.

ಕ್ರಿಸ್ಮಸ್ ಕಳೆದ ಮೇಲೆ ಗಂಟು ಮತ್ತೆ ಬಂದಿದೆ. ಅದೇ ಎಡಗಡೆ. ಈ ಸಲ ಗಟ್ಟಿಯಾಗಿದೆ. ಅದೇ ಡಾಕ್ಟರ ಹತ್ತಿರ ಹೋದೆ. "ಈ ಸಲ ಸೂಜಿ ಸಾಕಾಗಲ್ಲ ಅಮ್ಮ. ತೆಗೆದು ಪರೀಕ್ಷೆಗೆ ಕಳಿಸಬೇಕು. ಅದಕ್ಕೆ ಮೊದಲು ಏನಂತ ಹೇಳೋಕಾಗಲ್ಲ. ಮಂಗಳವಾರ ಬೆಳಿಗ್ಗೆ ಬಂದು ಅಡ್ಮಿಟ್ ಆಗಿ, ಜೊತೆಗೆ ಮನೆಯವರು ಇರಲಿ" ಎಂದರು. ಹಾಸನದಲ್ಲಿ ನನಗಿರುವ ಬೇರೆ ಕೆಲಸ ಇದು.

ಇವರಿಗೆ ಹೇಳಿದೆ. ಹೇಳಿದ ತಕ್ಷಣ ಇವರು ಎದ್ದು ಕೈ ತೊಳೆದುಕೊಂಡು ಬಂದರು, ನನ್ನ ತಲೆಯ ಮೇಲೆ ಕೈಯಿಟ್ಟರು, ಗಟ್ಟಿಯಾಗಿ ಪ್ರಾರ್ಥಿಸಿದರು. ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ, "ಓಯ್ತು ಕಣೇ. ಮುಗೀತು. ಸ್ತೋತ್ರ ಯೋಳು" ಎಂದರು.

"ಇದೆ. ಇಲ್ಲೇ ಇದೆ. ಮುಟ್ಟಿ ನೋಡಿ" ಎಂದೆ.

"ಮುಟ್ಟಾಕಿಲ್ಲ."

"ಯಾಕೆ?"

"ಓಯ್ತು ಅಂತ ನಂಬಿದ್ ಮ್ಯಾಲೆ ಮುಟ್ ನೋಡೋದು ಅಪನಂಬಿಕೆ ಆಯ್ತದೆ."

ಸಭಿಕರೇ, ಇಂಥ ಮಾತಿಗೆ ಸಿಟ್ಟು ಬರುವುದಿಲ್ಲವೇ? ನನಗೆ ಬಂತು. ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಕುಕ್ಕಿದೆ. ಆದರೆ ಪ್ರಾರ್ಥಿಸುವಷ್ಟು ಹೊತ್ತೂ ಇವರು ನನ್ನ ಬಲಗಡೆಗೇ ನಿಂತಿದ್ದರು, ಗಂಟಿದ್ದ ಕಡೆ ಒಮ್ಮೆಯೂ ನೋಡಲಿಲ್ಲ. ಎಷ್ಟೋ ವರ್ಷ ಎಂಥ ತಿರುವಿನಲ್ಲೂ ಕಣ್ಣು ತಪ್ಪಿಸದ ಮನುಷ್ಯ. ಇವರ ಸಾಕ್ಷ್ಯದಿಂದ ಸೂಜಿ ಯಾಕೆ ಮಾಯವಾಯಿತು, ಆಸ್ಪತ್ರೆ ಯಾಕೆ ಮಾಯವಾಯಿತು ಎಂಬುದು ನನಗೆ ಆವತ್ತು ಅರ್ಥವಾಯಿತು. ಇವರಿಗೆ ಜನರ ಮುಂದೆ ದೊಡ್ಡವರಾಗುವ ಆಸೆ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ಅದಲ್ಲ. ಇವರಿಗೆ ಹೆದರಿಕೆ. ಆಸ್ಪತ್ರೆಯ ಮೆಟ್ಟಿಲನ್ನು ಹತ್ತಲಾರದಷ್ಟು ಹೆದರಿಕೆ. ಅಲ್ಲಿಗೆ ಬರುವ ಬದಲು ಇವರು ಉಪವಾಸ ಮಾಡುತ್ತಾರೆ, ಕೈಯೆತ್ತುತ್ತಾರೆ, ಅಳುತ್ತಾರೆ, ನೂರು ಜನರ ಮುಂದೆ ಹಾಡುತ್ತಾರೆ. ಅದೆಲ್ಲ ನಿಜವಾದ ಪ್ರಾರ್ಥನೆಯೇ. ಅದು ಸುಳ್ಳೆಂದು ನಾನು ಹೇಳಲಾರೆ. ಆದರೆ ಅಷ್ಟು ಹೊತ್ತು ಬೆಂಚಿನ ಮೇಲೆ ನಾನು ಒಬ್ಬಳೇ ಇರುತ್ತೇನೆ.

ಇವರು ಈಗ ಕಣ್ಣು ಮುಚ್ಚಿಕೊಂಡಿದ್ದಾರೆ. ನೋಡಿ, ತುಟಿ ಅಲ್ಲಾಡುತ್ತಿದೆ. ರೀ, ಕಣ್ಣು ಬಿಡಿ. ನಾನು ಮಾತಾಡಿ ಮುಗಿಸುವವರೆಗೆ ಕಣ್ಣು ಬಿಟ್ಟುಕೊಂಡಿರಿ. ದೇವರು ಕಾಯುತ್ತಾನೆ, ಅಭ್ಯಾಸವಿದೆ ಅವನಿಗೆ.

ಹಾಂ.

ಫಾದರ್, ನೀವು ಇಲ್ಲಿಗೆ ಹೊಸಬರು, ನಿಮ್ಮದೇನೂ ತಪ್ಪಿಲ್ಲ. ಮಂಗಳವಾರ ಅಲ್ಲಿ ಸೇರುವ ಕಾಯಿಲೆಯವರಿಗೆಲ್ಲ ಒಳ್ಳೆಯದಾಗಲಿ ಎಂದು ನಾನೂ ಬೇಡಿಕೊಳ್ಳುತ್ತೇನೆ. ಆದರೆ ಆ ವೇದಿಕೆಯ ಮೇಲೆ ನಿಂತು, ಸೂಜಿ ಇರಲಿಲ್ಲ ಎಂದು ನಾನು ನುಡಿಯಲಾರೆ. ಕುತ್ತಿಗೆಯಲ್ಲಿ ಗಂಟು ಇಟ್ಟುಕೊಂಡು, ಗಂಟು ಹೋಯಿತು ಎಂದೂ ನುಡಿಯಲಾರೆ. ಆ ಸಭೆಯಲ್ಲಿ ಇನ್ನೊಬ್ಬ ಇನ್ನಾಸಮ್ಮ ಕೂತಿರುತ್ತಾಳೆ. ಅವಳನ್ನು ಬಸ್ಸಿಗೆ ಹತ್ತಿಸಲು ಆ ದಿನ ನಾನು ಬಿಡುವಾಗಿರುವುದಿಲ್ಲ.

ಗುಣವಾದರೆ ಇವರು ಸಾಕ್ಷ್ಯ ಹೇಳಲಿ. ಡಾಕ್ಟರ ಹೆಸರು, ಗಂಟಿನ ಗಾತ್ರ ಸಮೇತ ಹೇಳಲಿ. ಗುಣವಾಗದಿದ್ದರೂ ಹೇಳಲಿ. ಅದು ಕಷ್ಟ. ಆದರೆ ಇಷ್ಟು ವರ್ಷ ಕೈಯೆತ್ತಿದವರಿಗೆ ಅಷ್ಟು ಬಲ ಇಲ್ಲದೆ ಹೋದರೆ ಇಷ್ಟು ದಿನ ಎತ್ತಿದ್ದಾದರೂ ಏಕೆ?

ನನ್ನ ತೀರ್ಮಾನ ಇದು. ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಹಾಸನಕ್ಕೆ ಹೋಗುತ್ತೇನೆ. ನೇತ್ರಾವತಿ ಈ ಸಲವೂ ಬರುತ್ತೇನೆ ಎಂದಳು. ಬೇಡ ಎಂದಿದ್ದೇನೆ. ಕರಪತ್ರದಿಂದ ನನ್ನ ಹೆಸರನ್ನು ತೆಗೆಸಿಬಿಡಿ ಫಾದರ್. ಇವರ ಹೆಸರನ್ನು ಉಳಿಸಬೇಕೋ ತೆಗೆಯಬೇಕೋ ನಾನು ಹೇಳುವುದಿಲ್ಲ. ಅದನ್ನು ಇವರೇ ಬಂದು ನಿಮಗೆ ತಿಳಿಸುತ್ತಾರೆ. ಅದಕ್ಕೆ ನಾಳೆ ಒಂದು ದಿನ ಇದೆ.

ಎರಡು ಮಾತೆಂದು ನಂಬಿ ಕರೆದ ಕಾರ್ಯದರ್ಶಿಗಳಿಗೆ, ನಡುವೆ ಮೈಕು ಕೇಳದೆ ತಾಳ್ಮೆಯಿಂದ ಕೂತ ಅಧ್ಯಕ್ಷರಿಗೆ, ಪರರ ಮನೆಯ ಮಾತನ್ನು ಇಷ್ಟು ಹೊತ್ತು ಕೇಳಬೇಕಾಗಿ ಬಂದ ನಿಮಗೆಲ್ಲ ನನ್ನ ವಂದನೆಗಳು. ನಮಸ್ಕಾರ.